ವಿದೇಶದ ಓದಿನಿಂದ ಪಿಆರ್‌ವರೆಗೆ: ಲೆಕ್ಕ ಕೊನೆಯಿಂದ ಹಾಕಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಚಿಕ್ಕ ಮಗಳು ಬಳ್ಳಾರಿಯಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಮುಗಿಸಿ, ಎರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾಳೆ. ವಯಸ್ಸು 24, ಮದುವೆ ಆಗಿಲ್ಲ. ಕೆನಡಾದ ಕಾಲೇಜೊಂದರಲ್ಲಿ ಎರಡು ವರ್ಷದ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದರೆ ಪಿಆರ್ (ಕಾಯಂ ವಾಸದ ಹಕ್ಕು) ಗ್ಯಾರಂಟಿ, ಒಟ್ಟು 32 ಲಕ್ಷ ಖರ್ಚು ಎಂದು ಏಜೆಂಟರೊಬ್ಬರು ಹೇಳಿದ್ದಾರೆ. 50 ಸಾವಿರ ಮುಂಗಡ ಕೊಟ್ಟಿದ್ದೇವೆ. ಆರು ಎಕರೆ ಗದ್ದೆ ಇದೆ, ಪಹಣಿ ಇನ್ನೂ ತೀರಿಕೊಂಡ ನಮ್ಮ ತಂದೆಯವರ ಹೆಸರಲ್ಲೇ ಇದೆ. ಜರ್ಮನಿಗೆ ಹೋಗಲಿ ಎನ್ನುವುದು ದೊಡ್ಡ ಅಳಿಯಂದಿರ ಮಾತು. ನಾವು ಏನು ಮಾಡಬೇಕು?

ಉತ್ತರ: ಮೊದಲು ಆ ಡಿಪ್ಲೊಮಾ ವಿಷಯ. ಅದಕ್ಕೆ ಇನ್ನೊಂದು ರೂಪಾಯಿಯನ್ನೂ ಕಟ್ಟಬೇಡಿ. ಕೋರ್ಸ್ ಕೆಟ್ಟದ್ದೆಂದಲ್ಲ, ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಪರವಾನಗಿಯೇ ಆ ಕೋರ್ಸಿಗೆ ಸಿಗುವುದಿಲ್ಲ. ಅದು ಸಿಗದಿದ್ದರೆ ಪಿಆರ್ ಮಾತು ಅಲ್ಲಿಗೇ ಮುಗಿಯಿತು.

ಯಾಕೆ ಹೀಗೆ ಎಂಬುದು ನಿಮಗೆ ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನಿಗೆ ನೀರು ಬರಬೇಕಾದರೆ ಮೇಲಿನ ಪ್ರತಿ ಗೇಟೂ ತೆರೆದಿರಬೇಕಷ್ಟೆ. ಪಿಆರ್ ಕೂಡ ಹಾಗೆಯೇ. ಸ್ಟಡಿ ಪರ್ಮಿಟ್ ಮೊದಲ ಗೇಟು. ಓದಿನ ನಂತರದ ವರ್ಕ್ ಪರ್ಮಿಟ್ ಎರಡನೆಯದು. ಪಿಆರ್ ಲೆಕ್ಕಕ್ಕೆ ಬರುವಂಥ ಕೆಲಸ ಮೂರನೆಯದು. ಪಿಆರ್ ಅರ್ಜಿ ಕೊನೆಯದು. ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ, ಕಾಲೇಜಿನ ಕೈಯಲ್ಲಿ ಇರುವುದು ಮೊದಲನೆಯದರ ಅರ್ಧ ಮಾತ್ರ. ಏಜೆಂಟರು ಯಾವಾಗಲೂ ಮೊದಲ ಗೇಟಿನ ಹತ್ತಿರ ನಿಂತು ಮಾತಾಡುತ್ತಾರೆ, ಅವರಿಗೆ ಕಮಿಷನ್ ಬರುವುದು ಅಲ್ಲೇ. ನೀವು ಕೊನೆಯ ಗೇಟಿನಿಂದ ಹಿಂದಕ್ಕೆ ನಡೆದು ಬಂದು ಕೋರ್ಸ್ ಆರಿಸಬೇಕು.

ಎರಡನೇ ಗೇಟು: ಕೆನಡಾದ ವರ್ಕ್ ಪರ್ಮಿಟ್

ಓದಿನ ನಂತರದ ಈ ಪರವಾನಗಿಗೆ ಪೋಸ್ಟ್ ಗ್ರ್ಯಾಜುಯೇಷನ್ ವರ್ಕ್ ಪರ್ಮಿಟ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ಪಿಜಿಡಬ್ಲ್ಯುಪಿ. ಜೀವನದಲ್ಲಿ ಒಂದೇ ಸಲ ಸಿಗುತ್ತದೆ. 1 ನವೆಂಬರ್ 2024ರ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಿಗೆ ಎರಡು ಹೊಸ ಷರತ್ತು ಬಂದಿವೆ. ಒಂದು ಇಂಗ್ಲಿಷ್ ಅಥವಾ ಫ್ರೆಂಚ್ ಪರೀಕ್ಷೆ: ಯೂನಿವರ್ಸಿಟಿ ಪದವಿ ಪಡೆದವರಿಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 7, ಕಾಲೇಜು ಡಿಪ್ಲೊಮಾದವರಿಗೆ ಸಿಎಲ್‌ಬಿ 5. ಇನ್ನೊಂದು ಓದಿದ ವಿಷಯ: ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸುಗಳು ಸರ್ಕಾರದ ಪಟ್ಟಿಯಲ್ಲಿರುವ ವಿಷಯಗಳಲ್ಲೇ ಇರಬೇಕು. ಕೃಷಿ, ಆರೋಗ್ಯ, ವಿಜ್ಞಾನ ಮತ್ತು ತಂತ್ರಜ್ಞಾನ, ಕುಶಲಕರ್ಮಿ ಕೆಲಸಗಳು, ಸಾರಿಗೆ, ಆಮೇಲೆ ಸೇರಿದ ಶಿಕ್ಷಣ, ಇವು ಆ ಪಟ್ಟಿಯ ಗುಂಪುಗಳು. ಸಾಮಾನ್ಯ ಬಿಸಿನೆಸ್ ಮ್ಯಾನೇಜ್‌ಮೆಂಟ್ ಅದರಲ್ಲಿಲ್ಲ. ಬಿಎ, ಬಿಎಸ್ಸಿ, ಎಂಎಸ್, ಪಿಎಚ್‌ಡಿಯಂಥ ಪದವಿಗಳಿಗೆ ಈ ವಿಷಯದ ಷರತ್ತು ಅನ್ವಯಿಸುವುದಿಲ್ಲ.

ಪ್ರತಿ ಕೋರ್ಸಿಗೂ ಸಿಐಪಿ ಎಂಬ ಆರಂಕಿಯ ಕೋಡ್ ಇರುತ್ತದೆ. ಕೋರ್ಸಿನ ಹೆಸರು ಎಷ್ಟೇ ಥಳಥಳಿಸಲಿ, ಪಟ್ಟಿಯಲ್ಲಿ ಹುಡುಕಬೇಕಾದ್ದು ಆ ಕೋಡನ್ನೇ. 'ಬಿಸಿನೆಸ್' ಎಂದು ಹೆಸರಿದ್ದೂ ಡೇಟಾ ವಿಷಯದ ಕೋಡ್ ಇರುವ ಕೋರ್ಸ್ ಇರಬಹುದು, 'ಟೆಕ್ನಾಲಜಿ' ಎಂದು ಹೆಸರಿದ್ದೂ ಮ್ಯಾನೇಜ್‌ಮೆಂಟ್ ಕೋಡ್ ಇರುವುದೂ ಉಂಟು. ಕಾಲೇಜಿನ ಅಡ್ಮಿಷನ್ ವಿಭಾಗಕ್ಕೆ ನಿಮ್ಮ ಮಗಳೇ ಇಮೇಲ್ ಬರೆದು ಕೋಡ್ ಕೇಳಲಿ. ಸ್ಟಡಿ ಪರ್ಮಿಟ್ ಅರ್ಜಿ ಹಾಕುವ ದಿನ ಆ ಕೋಡ್ ಪಟ್ಟಿಯಲ್ಲಿದ್ದರೆ, ಓದು ಮುಗಿಯುವಷ್ಟರಲ್ಲಿ ಅದನ್ನು ಕೈಬಿಟ್ಟರೂ ತೊಂದರೆಯಿಲ್ಲ. ಹಾಗಾಗಿ ಅರ್ಜಿಯ ದಿನದ ಪಟ್ಟಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಕಾಲೇಜಿನದ್ದೂ ಒಂದು ತಕರಾರಿದೆ. ಡಿಎಲ್‌ಐ ನಂಬರ್ ಇದೆ ಎಂದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇದೆ ಎಂದಷ್ಟೇ ಅರ್ಥ. ಎಲ್ಲ ಡಿಎಲ್‌ಐಗಳ ಓದಿಗೂ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸರ್ಕಾರಿ ಕಾಲೇಜಿನ ಸಿಲೆಬಸ್ಸನ್ನು ಖಾಸಗಿ ಕಾಲೇಜು ಪಡೆದು ಕಲಿಸುವ ಪಾಲುದಾರಿಕೆ ಕೋರ್ಸುಗಳಿಗೆ 15 ಮೇ 2024ರ ನಂತರ ಸೇರಿದವರಿಗೆ ಬಾಗಿಲು ಮುಚ್ಚಿದೆ. ಸರ್ಟಿಫಿಕೇಟ್ ಮೇಲೆ ಸರ್ಕಾರಿ ಕಾಲೇಜಿನ ಹೆಸರೇ ಇರುತ್ತದೆ, ಪಾಠ ನಡೆಯುವುದು ಬೇರೆ ಊರಿನ ಖಾಸಗಿ ಕಟ್ಟಡದಲ್ಲಿ. ಆಫರ್ ಲೆಟರ್‌ನಲ್ಲಿ ಕ್ಯಾಂಪಸ್ ವಿಳಾಸ ನೋಡಿ.

ಅವಧಿ ಹೀಗಿದೆ. ಎಂಟು ತಿಂಗಳಿನಿಂದ ಎರಡು ವರ್ಷದೊಳಗಿನ ಕೋರ್ಸಿಗೆ ಕೋರ್ಸಿನಷ್ಟೇ ಉದ್ದದ ಪರ್ಮಿಟ್, ಎರಡು ವರ್ಷ ಅಥವಾ ಹೆಚ್ಚಿನದಕ್ಕೆ ಮೂರು ವರ್ಷ. ಮಾಸ್ಟರ್ಸ್ ಆದರೆ 15 ಫೆಬ್ರವರಿ 2024ರಿಂದ ಒಂದೇ ವರ್ಷದ್ದಾದರೂ ಮೂರು ವರ್ಷ. ಪಾಸ್‌ಪೋರ್ಟ್ ಅವಧಿ ಬೇಗ ಮುಗಿಯುವಂತಿದ್ದರೆ ಪರ್ಮಿಟ್ಟೂ ಅಲ್ಲಿಯವರೆಗೆ ಮಾತ್ರ ಬರುತ್ತದೆ. ಆಮೇಲೆ ಮತ್ತೆ ಅರ್ಜಿ ಹಾಕಿ ಉಳಿದ ಅವಧಿ ಪಡೆಯಬೇಕು, ಆ ಅಲೆದಾಟ ಬೇಡವೆಂದರೆ ಹೊರಡುವ ಮೊದಲೇ ಪಾಸ್‌ಪೋರ್ಟ್ ನವೀಕರಿಸಿ. ಕೊನೆಯ ಸೆಮಿಸ್ಟರ್ ಬಿಟ್ಟು ಉಳಿದೆಲ್ಲ ಸೆಮಿಸ್ಟರಿನಲ್ಲೂ ಫುಲ್ ಟೈಮ್ ವಿದ್ಯಾರ್ಥಿಯಾಗಿರಬೇಕು. ಬಾಡಿಗೆ ಹೊಂದಿಸಲು ಒಂದು ಸೆಮಿಸ್ಟರ್ ಎರಡೇ ವಿಷಯ ತೆಗೆದುಕೊಂಡು ಹೆಚ್ಚು ದುಡಿದವರು ಸಿಕ್ಕಿಬೀಳುವುದು ಇಲ್ಲೇ. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಓದು ಮುಗಿದಿದೆ ಎಂಬ ಪತ್ರ ಬಂದ 180 ದಿನದೊಳಗೆ ಅರ್ಜಿ ಹೋಗಬೇಕು.

ಕೊನೆಯ ಗೇಟು: ಅಂಕಗಳ ಲೆಕ್ಕ

ಕೆನಡಾದಲ್ಲಿ ಓದಿ ಕೆಲಸಕ್ಕೆ ಸೇರಿದವರಲ್ಲಿ ಬಹಳಷ್ಟು ಜನ ಪಿಆರ್ ಕೇಳುವುದು ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ. ಅದರೊಳಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಎಂಬ ವರ್ಗವಿದೆ. ಅರ್ಹತೆ ಒಂದು, ಕರೆ ಬರುವುದು ಇನ್ನೊಂದು. ಅರ್ಹರನ್ನೆಲ್ಲ 1200ಕ್ಕೆ ಅಂಕ ಹಾಕಿ ಸಾಲಾಗಿ ನಿಲ್ಲಿಸುತ್ತಾರೆ, ಮೇಲಿನವರನ್ನು ಸುತ್ತು ಸುತ್ತಾಗಿ ಕರೆಯುತ್ತಾರೆ. 2025ರಲ್ಲಿ ಈ ವರ್ಗದ ಸುತ್ತುಗಳು 500ರ ಮೇಲೆಯೇ ನಿಂತವು.

ನಿಮ್ಮ ಮಗಳನ್ನೇ ಲೆಕ್ಕಕ್ಕೆ ಕೂರಿಸೋಣ. ಅಲ್ಲಿ ಎರಡು ವರ್ಷದ ಮಾಸ್ಟರ್ಸ್ ಮಾಡಿ, ಒಂದು ವರ್ಷ ಕೆಲಸ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು 20ರಿಂದ 29ರೊಳಗೆ ಇದ್ದರೆ 110 ಅಂಕ. ಮಾಸ್ಟರ್ಸ್‌ಗೆ 135. ಇಂಗ್ಲಿಷ್ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 9 ಇದ್ದರೆ 124. ಕೆನಡಾದ ಒಂದು ವರ್ಷದ ಕೆಲಸಕ್ಕೆ 40. ಇಲ್ಲಿಗೆ 409. ಓದು ಮತ್ತು ಭಾಷೆ ಜೊತೆಗೂಡಿದ್ದಕ್ಕೆ 50, ಕೆನಡಾದಲ್ಲೇ ಮಾಸ್ಟರ್ಸ್ ಮಾಡಿದ್ದಕ್ಕೆ 30. ಒಟ್ಟು 489. ಕರೆ ಬರುವ ಗೆರೆಯ ಕೆಳಗೇ ಇದೆ. ಇಷ್ಟು ಒಳ್ಳೆಯ ಪ್ರೊಫೈಲೂ ಸಾಲದು ಎಂದರೆ 'ಗ್ಯಾರಂಟಿ' ಎಂಬ ಪದಕ್ಕೆ ಎಷ್ಟು ಬೆಲೆ ಎಂದು ನೀವೇ ನೋಡಿ.

ಆದರೆ ನಿಮ್ಮ ಮಗಳ ಕೈಯಲ್ಲಿ ಒಂದು ದೊಡ್ಡ ಆಸ್ತಿ ಇದೆ, ಏಜೆಂಟರು ಅದನ್ನು ಹೇಳಿಲ್ಲ. ಭಾರತದಲ್ಲಿ ಮಾಡಿದ ಮೂರು ವರ್ಷದ ಕೌಶಲದ ಕೆಲಸಕ್ಕೆ, ಭಾಷೆಯ ಅಂಕ ಚೆನ್ನಾಗಿದ್ದರೆ, ಇನ್ನೂ 50 ಅಂಕ ಸಿಗುತ್ತದೆ. ಆಗ 489 ಇದ್ದದ್ದು 539 ಆಗುತ್ತದೆ. ಅವಳಿಗೆ ಎರಡು ವರ್ಷ ಆಗಿದೆ, ಇನ್ನೊಂದು ವರ್ಷ ಇದೇ ಕೆಲಸದಲ್ಲಿದ್ದರೆ ಮೂರು ತುಂಬುತ್ತದೆ. 25ಕ್ಕೆ ಹೊರಟು 27ಕ್ಕೆ ಓದು ಮುಗಿಸಿ, 28ಕ್ಕೆ ಒಂದು ವರ್ಷದ ಕೆನಡಾ ಅನುಭವ ಪಡೆದರೆ ವಯಸ್ಸಿನ 110ರಲ್ಲಿ ಒಂದಂಕವೂ ಕಡಿಮೆಯಾಗುವುದಿಲ್ಲ. 30 ತುಂಬಿದರೆ 105, 31ಕ್ಕೆ 99, ಹೀಗೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಈ ವರ್ಷವೇ ಹೊರಡಬೇಕೆಂಬ ಅವಸರ ಲಾಭವಲ್ಲ, ನಷ್ಟ.

ಆ ಮೂರು ವರ್ಷ ಕಾಗದದಲ್ಲಿ ಕಾಣಬೇಕು. ನೇಮಕಾತಿ ಪತ್ರ, ಬ್ಯಾಂಕಿಗೆ ಬಂದ ಸಂಬಳ, ಫಾರಂ 16, ಬಿಡುಗಡೆ ಪತ್ರ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಂಪನಿಯ ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ದಿನ, ವಾರದ ಗಂಟೆ, ಸಂಬಳ, ಮಾಡಿದ ಕೆಲಸಗಳ ವಿವರ ಇರುವ ಪತ್ರ. ಬಹಳಷ್ಟು ಕಂಪನಿಗಳ ಎಚ್‌ಆರ್ ವಿಭಾಗ ಕೆಲಸದ ವಿವರ ಬರೆಯಲು ಒಪ್ಪುವುದಿಲ್ಲ, 'ಇವರು ಇಲ್ಲಿ ಕೆಲಸ ಮಾಡಿದ್ದಾರೆ' ಎಂಬ ಎರಡು ಸಾಲು ಕೊಟ್ಟು ಕಳಿಸುತ್ತಾರೆ. ಕೆಲಸ ಬಿಟ್ಟ ಮೇಲೆ ಕೇಳಿದರೆ ಅದೂ ಸಿಗುವುದು ಕಷ್ಟ. ಇರುವಾಗಲೇ ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಲಿ.

ಇನ್ನು ಭಾಷೆ. ಐಇಎಲ್‌ಟಿಎಸ್‌ನಲ್ಲಿ ಸಿಎಲ್‌ಬಿ 9 ಎಂದರೆ ಕೇಳುವುದು 8.0, ಓದುವುದು, ಬರೆಯುವುದು, ಮಾತಾಡುವುದು ತಲಾ 7.0. ನಾಲ್ಕೂ ಸಿಎಲ್‌ಬಿ 8ಕ್ಕೆ ಇಳಿದರೆ 124ರ ಬದಲು 92, ಅಂದರೆ 32 ಅಂಕ ಹೋಯಿತು. ನಾಲ್ಕೂ ಸಿಎಲ್‌ಬಿ 10 ಆದರೆ 136. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಓದಿದವರಿಗೆ ಕೇಳುವುದು, ಮಾತಾಡುವುದು ಅಭ್ಯಾಸದಿಂದ ಬರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಬರವಣಿಗೆಯಲ್ಲಿ, 6.5ರಲ್ಲಿ. ಇನ್ನೊಂದು ಗೊಂದಲವೂ ಇದೆ: ಅಡ್ಮಿಷನ್‌ಗೆ ಅಕಾಡೆಮಿಕ್ ಪರೀಕ್ಷೆ, ವರ್ಕ್ ಪರ್ಮಿಟ್ ಮತ್ತು ಪಿಆರ್‌ಗೆ ಜನರಲ್ ಟ್ರೇನಿಂಗ್ ಪರೀಕ್ಷೆ. ಎರಡೂ ಬೇರೆ. ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ, ಹಾಗಾಗಿ ಈಗ ಬರೆದದ್ದು ಪಿಆರ್ ಹೊತ್ತಿಗೆ ಹಳಸಿರುತ್ತದೆ.

ಡಿಪ್ಲೊಮಾ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಿಇ ಜೊತೆಗೆ ಪಟ್ಟಿಯಲ್ಲಿರುವ ವಿಷಯದ ಎರಡು ವರ್ಷದ ಪಿಜಿ ಡಿಪ್ಲೊಮಾ ಮಾಡಿದರೆ ಓದಿಗೆ 128, ಕೆನಡಾ ಓದಿಗೆ 15. ಮಾಸ್ಟರ್ಸ್‌ಗಿಂತ 22 ಅಂಕ ಕಡಿಮೆ, ಅಷ್ಟೇ. ಬಿಇ ಅಂಕ ಸೇರಬೇಕಾದರೆ ವಿಟಿಯು ಟ್ರಾನ್ಸ್‌ಕ್ರಿಪ್ಟ್ ತರಿಸಿ ಪದವಿಯ ಮೌಲ್ಯಮಾಪನ ಮಾಡಿಸಬೇಕು. ಅಂದರೆ ಡಿಪ್ಲೊಮಾ ಸೋಲುವುದು ಅಂಕದಲ್ಲಿ ಅಲ್ಲ, ಎರಡನೇ ಗೇಟಿನಲ್ಲಿ. ಮಾಸ್ಟರ್ಸ್‌ಗೆ ಸದ್ಯ ಇನ್ನೊಂದು ಅನುಕೂಲವೂ ಇದೆ. ಜನವರಿ 2024ರಲ್ಲಿ ಕೆನಡಾ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿ, ಪ್ರಾಂತ್ಯದ ದೃಢೀಕರಣ ಪತ್ರ ಕಡ್ಡಾಯ ಮಾಡಿತು. 1 ಜನವರಿ 2026ರಿಂದ ಸರ್ಕಾರಿ ಸಂಸ್ಥೆಗಳ ಮಾಸ್ಟರ್ಸ್, ಪಿಎಚ್‌ಡಿಗೆ ಆ ಪತ್ರ ಬೇಡ. 2026ಕ್ಕೆ ಆ ಸರ್ಕಾರ ಇಟ್ಟ ಗುರಿ 1,55,000 ಹೊಸ ವಿದ್ಯಾರ್ಥಿಗಳು, 3,80,000 ಪಿಆರ್. ಎರಡೂ ಹಿಂದಿನ ವರ್ಷಗಳಿಗಿಂತ ಇಳಿದ ಸಂಖ್ಯೆಗಳು.

ಮೂರನೇ ಗೇಟು: ಯಾವ ಕೆಲಸ ಲೆಕ್ಕಕ್ಕೆ?

ಕೆನಡಾ ಎಲ್ಲ ಉದ್ಯೋಗಗಳನ್ನೂ ಟೀರ್ 0ರಿಂದ 5ರವರೆಗೆ ವಿಂಗಡಿಸಿದೆ. ಪಿಆರ್‌ಗೆ ಲೆಕ್ಕಕ್ಕೆ ಬರುವುದು 0, 1, 2, 3 ಮಾತ್ರ. ಅಂಗಡಿಯ ಕ್ಯಾಷಿಯರ್, ಗೋದಾಮಿನಲ್ಲಿ ಲೋಡಿಂಗ್, ಆಹಾರ ತಲುಪಿಸುವ ಕೆಲಸ ಇವೆಲ್ಲ ಹೊಟ್ಟೆಪಾಡಿಗೆ ಸರಿ, ಪಿಆರ್‌ಗೆ ಸೊನ್ನೆ. ಒಂದು ವರ್ಷ ಎಂದರೆ 1,560 ಗಂಟೆ, ವಾರಕ್ಕೆ 30ರಂತೆ 52 ವಾರ. ವಾರಕ್ಕೆ 60 ಗಂಟೆ ದುಡಿದರೆ ಆರು ತಿಂಗಳಲ್ಲಿ ಮುಗಿಯುವುದಿಲ್ಲ. ಫುಲ್ ಟೈಮ್ ಓದುವಾಗ ಮಾಡಿದ ಪಾರ್ಟ್ ಟೈಮ್, ಕೋ-ಆಪ್ (ಕೋರ್ಸಿನ ಭಾಗವಾದ) ಕೆಲಸ ಸೇರುವುದಿಲ್ಲ. ಸ್ವಂತ ಉದ್ಯೋಗವೂ ಸೇರುವುದಿಲ್ಲ. ಅಧಿಕಾರಿ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ಮಾಡಿದ ಕೆಲಸವನ್ನು. 'ಮ್ಯಾನೇಜರ್' ಎಂಬ ಬೋರ್ಡ್ ಹಾಕಿಕೊಂಡು ಕೌಂಟರಿನಲ್ಲಿ ಬಿಲ್ ಹಾಕಿದರೆ ಅದು ಬಿಲ್ ಹಾಕುವ ಕೆಲಸವೇ.

'ಜಾಬ್ ಆಫರ್ ಕೊಡಿಸುತ್ತೇವೆ, ಅಂಕ ಏರುತ್ತದೆ' ಎಂದು ಹಣ ಕೇಳುವವರೂ ಇದ್ದಾರೆ. 25 ಮಾರ್ಚ್ 2025ರಿಂದ ಜಾಬ್ ಆಫರ್‌ಗೆ ಇದ್ದ ಅಂಕಗಳನ್ನೇ ತೆಗೆದುಹಾಕಲಾಗಿದೆ. ಇಲ್ಲದ ಅಂಕವನ್ನು ಮಾರುತ್ತಿದ್ದಾರೆ. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ ಮಾತ್ರ 600 ಅಂಕ ಸೇರುತ್ತದೆ, ಆದರೆ ಅದರ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. 2025ರ ಆರಂಭದಲ್ಲಿ ಅವುಗಳ ಕೋಟಾವನ್ನು ಅರ್ಧಕ್ಕೆ ಇಳಿಸಿದ್ದೂ ಆಯಿತು. ಅದನ್ನು ನಂಬಿ ಮನೆ ಕಟ್ಟಬೇಡಿ.

ಕರೆ ಬಂದ ಮೇಲೆ ಪೂರ್ತಿ ಅರ್ಜಿಗೆ 60 ದಿನ. ಅರ್ಜಿ ಸೇರಿದ ಮೇಲೆ ವರ್ಕ್ ಪರ್ಮಿಟ್ ಮುಗಿಯುವಂತಿದ್ದರೆ ಬ್ರಿಡ್ಜಿಂಗ್ ಪರ್ಮಿಟ್ ಕೇಳಬಹುದು, ಕೆಲಸ ನಿಲ್ಲಿಸಬೇಕಿಲ್ಲ.

ಓದೇ ಬೇಡದ ದಾರಿ

ಇದನ್ನು ಏಜೆಂಟರು ಹೇಳುವುದಿಲ್ಲ, ಇದರಲ್ಲಿ ಕಾಲೇಜೇ ಇಲ್ಲ. ನಿಮ್ಮ ಮಗಳು ಮೂರು ವರ್ಷದ ಅನುಭವ ಮುಗಿಸಿ, ಫ್ರೆಂಚ್ ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ (ಫ್ರೆಂಚ್‌ಗೆ ಸಿಎಲ್‌ಬಿಯಂಥದ್ದೇ ಅಳತೆ) 7 ಪಡೆದರೆ, ಬೆಂಗಳೂರಿನಲ್ಲಿ ಕೂತೇ ಎಕ್ಸ್‌ಪ್ರೆಸ್ ಎಂಟ್ರಿಯ ಇನ್ನೊಂದು ವರ್ಗವಾದ ಫೆಡರಲ್ ಸ್ಕಿಲ್ಡ್ ವರ್ಕರ್‌ನಲ್ಲಿ ಅರ್ಜಿ ಹಾಕಬಹುದು. ವಯಸ್ಸಿಗೆ 110, ಬಿಇಗೆ 120, ಇಂಗ್ಲಿಷ್‌ಗೆ 124, ಎರಡನೇ ಭಾಷೆಗೆ 12, ಓದು-ಭಾಷೆ ಜೋಡಿಗೆ 25, ಅನುಭವ-ಭಾಷೆ ಜೋಡಿಗೆ 50, ಫ್ರೆಂಚ್‌ಗೆ ಹೆಚ್ಚುವರಿ 50. ಕೂಡಿದರೆ 491. ಫ್ರೆಂಚ್ ಬಲ್ಲವರಿಗೇ ಪ್ರತ್ಯೇಕ ಸುತ್ತು ನಡೆಯುತ್ತವೆ, ಮಾರ್ಚ್ 2025ರ ಒಂದು ಸುತ್ತು 379ಕ್ಕೇ ಇಳಿದಿತ್ತು.

ಎನ್‌ಸಿಎಲ್‌ಸಿ 7 ಸುಲಭವಲ್ಲ, ಹೆಚ್ಚು ಕಡಿಮೆ ಯುರೋಪಿನ ಭಾಷಾ ಅಳತೆಯ (ಎ1ರಿಂದ ಸಿ2ರವರೆಗೆ) ಬಿ2 ಮಟ್ಟ. ಕೆಲಸ ಮಾಡುತ್ತಾ ಸಂಜೆ ಕಲಿಯುವವರಿಗೆ ಒಂದೂವರೆ ಎರಡು ವರ್ಷ ಬೇಕು. ಆದರೆ ಬೆಂಗಳೂರಿನ ಅಲಯನ್ಸ್ ಫ್ರಾಂಸೇಸ್‌ನಂಥ ಕಡೆ ಅದಕ್ಕಾಗುವ ಖರ್ಚನ್ನು 32 ಲಕ್ಷದ ಪಕ್ಕದಲ್ಲಿಟ್ಟು ನೋಡಿ. ಈ ವರ್ಗಕ್ಕೆ ಖಾತೆಯಲ್ಲಿ ಹಣ ತೋರಿಸಬೇಕು, ಜುಲೈ 2025ರ ಪ್ರಕಾರ ಒಬ್ಬರಿಗೆ 15,263 ಕೆನಡಾ ಡಾಲರ್. ಅದು ಖರ್ಚಲ್ಲ, ಅವಳದೇ ಹಣ. ಕರೆ ಬಾರದೇ ಹೋದರೂ ಫ್ರೆಂಚ್ ಕೈಯಲ್ಲಿ ಉಳಿಯುತ್ತದೆ, ಗದ್ದೆಯೂ ಉಳಿಯುತ್ತದೆ.

ಅಳಿಯಂದಿರ ಜರ್ಮನಿ

ನಿಮ್ಮ ಅಳಿಯಂದಿರ ಮಾತಿನಲ್ಲಿ ಹುರುಳಿದೆ. ಜರ್ಮನಿಯಲ್ಲಿ ಅಂಕದ ಸಾಲು ಇಲ್ಲ, ಷರತ್ತು ಪೂರೈಸಿದರೆ ಕಾಯಂ ವಾಸದ ಪರವಾನಗಿ. ಅಲ್ಲಿ ಓದಿ ಪದವಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳು. ಓದಿಗೆ ತಕ್ಕ ಕೆಲಸದಲ್ಲಿ ಎರಡು ವರ್ಷ ಇದ್ದು, 24 ತಿಂಗಳು ಪಿಂಚಣಿ ವಂತಿಗೆ ಕಟ್ಟಿ, ಜರ್ಮನ್ ಬಿ1 ಪಾಸಾಗಿದ್ದರೆ ಅರ್ಜಿ ಹಾಕಬಹುದು. ಬ್ಲೂ ಕಾರ್ಡ್ (ಪದವೀಧರರಿಗೆ ಕೊಡುವ ಕೆಲಸದ ಪರವಾನಗಿ) ಮೇಲೆ ಇರುವವರಿಗೆ ಬಿ1 ಇದ್ದರೆ 21 ತಿಂಗಳು, ಎ1 ಮಾತ್ರ ಇದ್ದರೆ 27 ತಿಂಗಳು. ಹೊಸದಾಗಿ ಪದವಿ ಪಡೆದವರಿಗೆ ಬ್ಲೂ ಕಾರ್ಡ್‌ಗೆ 2026ರಲ್ಲಿ ಬೇಕಾದ ಕನಿಷ್ಠ ವಾರ್ಷಿಕ ಸಂಬಳ ಸುಮಾರು 45,934 ಯೂರೊ.

ಖರ್ಚು ಕಡಿಮೆ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ಅಲ್ಲಿ ಹೋದ ಮೇಲೆ ತಿಂಗಳಿಗೆ 992ರಂತೆ ಅದೇ ಹಣ ಕೈಗೆ ಬರುತ್ತದೆ.

ಕಷ್ಟ ಬೇರೆ ಕಡೆ ಇದೆ. ನವೆಂಬರ್ 2022ರಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ (ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವುದು) ಕಡ್ಡಾಯ, ಅದಕ್ಕೆ ಶುಲ್ಕ 18,000 ರೂಪಾಯಿ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ ಅಂಕಪಟ್ಟಿಗಳೆಲ್ಲ ಬೇಕು. ಒಂದು ಸೆಮಿಸ್ಟರಿನ ಅಂಕಪಟ್ಟಿ ಕಳೆದಿದ್ದರೂ ವಿಟಿಯುನಿಂದ ನಕಲು ತರಿಸುವಷ್ಟರಲ್ಲಿ ಅಡ್ಮಿಷನ್ ಗಡುವು ದಾಟಿರುತ್ತದೆ. ನಮ್ಮ ಸಿಜಿಪಿಎಯನ್ನು ಅವರ ಮಾಪನಕ್ಕೆ ತಿರುಗಿಸುತ್ತಾರೆ, ಅಲ್ಲಿ 1 ಉತ್ತಮ, 4 ಬರೀ ಪಾಸು. ಗರಿಷ್ಠ 10, ಪಾಸ್ 4 ಎಂದು ಹಿಡಿದರೆ 7.0 ಇದ್ದವರಿಗೆ 2.5 ಬರುತ್ತದೆ. ಬಹಳಷ್ಟು ಕಂಪ್ಯೂಟರ್ ಸೈನ್ಸ್ ಕೋರ್ಸುಗಳು 2.5 ಅಥವಾ ಅದಕ್ಕಿಂತ ಒಳ್ಳೆಯದನ್ನು ಕೇಳುತ್ತವೆ.

ಮತ್ತೆ, ಭಾಷೆ. ಇಂಗ್ಲಿಷಿನಲ್ಲಿ ಮಾಸ್ಟರ್ಸ್ ಮುಗಿಸಬಹುದು, ಆದರೆ ಜರ್ಮನ್ ಬಾರದವರ 18 ತಿಂಗಳು ಅರ್ಜಿ ಹಾಕುವುದರಲ್ಲೇ ಕರಗುತ್ತದೆ. ಹೊರಡುವ ಮೊದಲು ಎ2, ಓದು ಮುಗಿಯುವಷ್ಟರಲ್ಲಿ ಬಿ1 ಆಗದಿದ್ದರೆ ಜರ್ಮನಿ ಆಯ್ಕೆ ಮಾಡಬೇಡಿ ಎಂದೇ ಹೇಳುತ್ತೇನೆ. ಓದುವಾಗ ಪಾಠಕ್ಕೆ ಹೊಂದುವ ಕಂಪನಿಯಲ್ಲಿ ವೆರ್ಕ್‌ಸ್ಟುಡೆಂಟ್ (ವಿದ್ಯಾರ್ಥಿ ಉದ್ಯೋಗಿ) ಆಗಿ ವಾರಕ್ಕೆ 20 ಗಂಟೆ ದುಡಿದವರಿಗೆ ಓದಿನ ನಂತರ ಕೆಲಸ ಬೇಗ ಸಿಗುತ್ತದೆ. ಹೋಟೆಲಿನಲ್ಲಿ ಪಾತ್ರೆ ತೊಳೆದರೆ ಬಾಡಿಗೆಯ ದುಡ್ಡಷ್ಟೇ ಸಿಗುತ್ತದೆ.

ಮಿಕ್ಕ ದೇಶಗಳು, ಚುಟುಕಾಗಿ. ಆಸ್ಟ್ರೇಲಿಯಾದಲ್ಲಿ ಓದಿನ ನಂತರ ಭಾರತೀಯರಿಗೆ ಕೋರ್ಸ್‌ವರ್ಕ್ ಮಾಸ್ಟರ್ಸ್‌ಗೆ ಕೆಲಸ ಮಾಡಲು ಮೂರು ವರ್ಷದ 485 ವೀಸಾ ಸಿಗುತ್ತದೆ. ಪಿಆರ್ ಅರ್ಜಿಗೆ 65 ಅಂಕ ಎನ್ನುತ್ತಾರೆ, ಐಟಿಯವರಿಗೆ ಅದು ಸಾಲಿನಲ್ಲಿ ನಿಲ್ಲುವ ಟಿಕೆಟ್ ಮಾತ್ರ. ವಿದ್ಯಾರ್ಥಿ ವೀಸಾ ಶುಲ್ಕವೇ ಜುಲೈ 2025ರಿಂದ 2,000 ಆಸ್ಟ್ರೇಲಿಯಾ ಡಾಲರ್, ತಿರಸ್ಕಾರವಾದರೆ ವಾಪಸ್ ಇಲ್ಲ. ಬ್ರಿಟನ್ನಿನಲ್ಲಿ ಗ್ರ್ಯಾಜುಯೇಟ್ ವೀಸಾದ ಎರಡು ವರ್ಷ ಜನವರಿ 2027ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ, ಮತ್ತು ಆ ಅವಧಿ ಕೆಲಸದ ವೀಸಾದಿಂದ ಸಿಗುವ ಸೆಟಲ್‌ಮೆಂಟ್ (ಕಾಯಂ ವಾಸ) ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕಕ್ಕೆ ಓದಲು ಹೋಗಿ, ಸಂಪಾದಿಸಿ, ಪಿಆರ್ ಮಾತ್ರ ಕೇಳಬೇಡಿ: ಕೆಲಸದ ವೀಸಾ ಎಚ್-1ಬಿಗೆ ಲಾಟರಿ, ಅದರ ಮೇಲೆ ಗ್ರೀನ್ ಕಾರ್ಡ್‌ಗೆ (ಅಲ್ಲಿನ ಪಿಆರ್) ದೇಶವೊಂದಕ್ಕೆ ಶೇ 7ರ ಮಿತಿ. ಭಾರತೀಯರ ಗ್ರೀನ್ ಕಾರ್ಡ್ ಸಾಲು ವರ್ಷಗಟ್ಟಲೆಯದ್ದು.

ಗದ್ದೆ, ಸಾಲ, ಪಹಣಿ

ಕೆನಡಾಕ್ಕೆ ಬೋಧನಾ ಶುಲ್ಕ, ಪ್ರಯಾಣ ಬಿಟ್ಟು ಜೀವನದ ಖರ್ಚಿಗೆಂದೇ ಒಬ್ಬರಿಗೆ 22,895 ಡಾಲರ್ ತೋರಿಸಬೇಕು, ಇದು 1 ಸೆಪ್ಟೆಂಬರ್ 2025ರಿಂದ. ರೂಪಾಯಿಯಲ್ಲಿ ಸುಮಾರು 14-15 ಲಕ್ಷ. ಏಜೆಂಟರ 32 ಲಕ್ಷದಲ್ಲಿ ಇದು ಸೇರಿದೆಯೇ ಎಂದು ಕೇಳಿ.

ಸಿಂಧನೂರು, ಗಂಗಾವತಿ ಕಡೆಯ ಅರ್ಜಿಗಳು ಎಡವುವುದು ಹಣ ಇಲ್ಲದೆ ಅಲ್ಲ, ಹಣ ಎಲ್ಲಿಂದ ಬಂತೆಂದು ತೋರಿಸಲಾಗದೆ. ವೀಸಾ ಅರ್ಜಿಗೆ ಹದಿನೈದು ದಿನ ಇರುವಾಗ ಖಾತೆಗೆ ಒಮ್ಮೆಲೇ ಎಂಟು ಲಕ್ಷ ಬಿದ್ದರೆ ಅಧಿಕಾರಿಗೆ ಅದು ಸಾಲದ ಹಣವೆಂದೇ ಕಾಣುತ್ತದೆ. ಭತ್ತ ಮಾರಿದ ಹಣವಾದರೆ ದಲಾಲಿ ಅಂಗಡಿಯ ಪಟ್ಟಿ, ಎಪಿಎಂಸಿ ರಸೀದಿ, ಅಂಗಡಿಯಿಂದ ನೇರ ಖಾತೆಗೆ ಬಂದ ಆರ್‌ಟಿಜಿಎಸ್ ನಮೂದು ಇಟ್ಟುಕೊಳ್ಳಿ. ಮುಂದಿನ ಸುಗ್ಗಿಯಿಂದಲೇ ನಗದು ತೆಗೆದುಕೊಳ್ಳಬೇಡಿ, ಖಾತೆಗೆ ಹಾಕಿಸಿ.

ಗದ್ದೆ ಮೇಲೆ ಶಿಕ್ಷಣ ಸಾಲ ಸಿಗುತ್ತದೆಂದು ನಂಬಿ ಕೂರಬೇಡಿ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಬಹಳಷ್ಟು ಬ್ಯಾಂಕುಗಳು ವಿದೇಶಿ ಓದಿನ ದೊಡ್ಡ ಸಾಲಕ್ಕೆ ಗದ್ದೆಯನ್ನು ಅಡಮಾನವಾಗಿ ಒಪ್ಪುವುದಿಲ್ಲ. ಊರಿನ ಮನೆ, ಎನ್ಎ ಆದ ಪ್ಲಾಟ್ ಅಥವಾ ಎಫ್‌ಡಿ ಕೇಳುತ್ತವೆ. ಅಡಮಾನವಿಲ್ಲದೆ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳಿವೆ, ಬಡ್ಡಿ ಹೆಚ್ಚು. 30 ಲಕ್ಷಕ್ಕೆ ಶೇ 10ರ ಬಡ್ಡಿ ಎಂದರೆ ತಿಂಗಳಿಗೆ 25 ಸಾವಿರ. ಓದು ಮುಗಿದು ಆರು ತಿಂಗಳವರೆಗೆ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ, ಆದರೆ ಬಡ್ಡಿ ನಿಲ್ಲುವುದಿಲ್ಲ. ಎರಡೂವರೆ ವರ್ಷಕ್ಕೆ ಸರಳ ಬಡ್ಡಿಯೇ ಏಳೂವರೆ ಲಕ್ಷ. ಕಂತು ಪ್ರತಿ ತಿಂಗಳು ಬರುತ್ತದೆ, ಭತ್ತದ ದುಡ್ಡು ವರ್ಷಕ್ಕೆ ಎರಡು ಸಲ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡದ ವರ್ಷ ಒಂದೇ ಸಲ. ಮಗಳಿಗೆ ಕೆಲಸ ಸಿಗುವುದು ಎಂಟು ತಿಂಗಳು ತಡವಾದರೆ ಕಂತು ಯಾರು ಕಟ್ಟುತ್ತಾರೆ ಎಂಬುದಕ್ಕೆ ಉತ್ತರ ಇದ್ದರೆ ಮಾತ್ರ ಸಾಲಕ್ಕೆ ಸಹಿ ಹಾಕಿ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಏಪ್ರಿಲ್ 2025ರಿಂದ ಟಿಸಿಎಸ್ (ಹಣ ಕಳಿಸುವಾಗ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ, ಅಷ್ಟು ಸಮಾಧಾನ.

ಪಹಣಿ ತಂದೆಯವರ ಹೆಸರಲ್ಲೇ ಇರುವುದರಿಂದ ಅದನ್ನು ನಿಮ್ಮ ಆಸ್ತಿ ಎಂದು ತೋರಿಸಲಾಗದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರು ಅಕ್ಕತಂಗಿಯರ ಒಪ್ಪಿಗೆ ಸೇರಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ (ವಾರಸುದಾರರ ಹೆಸರಿಗೆ ಬದಲಾವಣೆ) ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಒಬ್ಬರ ಹೆಸರು ಬಿಟ್ಟರೂ ತಕರಾರು ಬಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ಮಗಳು ಇನ್ನೊಂದು ವರ್ಷ ಕೆಲಸದಲ್ಲಿರುವಾಗ ನೀವು ಇದನ್ನು ಮುಗಿಸಬಹುದು.

ಮಗಳ ಹೆಸರನ್ನೂ ಒಮ್ಮೆ ನೋಡಿ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಜೊತೆ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿಸಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಹೀಗೆ ಮೂರು ತರಹ ಇರುತ್ತದೆ. ಸರ್‌ನೇಮ್ ಖಾಲಿ ಇದ್ದರೆ ಕೆನಡಾದ ದಾಖಲೆಯಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ, ಮುಂದೆ ಬ್ಯಾಂಕು, ಸಂಬಳದ ಚೀಟಿ, ಪಿಆರ್ ಅರ್ಜಿಯಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಐಇಎಲ್‌ಟಿಎಸ್‌ಗೆ ನೋಂದಾಯಿಸುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿ, ಎಲ್ಲ ಕಡೆ ಪಾಸ್‌ಪೋರ್ಟಿನಂತೆಯೇ ಬರೆಯಿರಿ.

ಏಜೆಂಟರ ವಿಷಯ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿ ನೀವಾಗಬೇಡಿ. ಕೆನಡಾದ ವಲಸೆ ಸಲಹೆಗೆ ಹಣ ತೆಗೆದುಕೊಳ್ಳುವವರು ಅಲ್ಲಿನ ವಲಸೆ ಸಲಹೆಗಾರರ 'ಕಾಲೇಜ್' ಎಂಬ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿತರಾಗಿರಬೇಕು ಅಥವಾ ಅಲ್ಲಿನ ವಕೀಲರಾಗಿರಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿ ಯಾರಿಗೂ ಸಿಗುತ್ತದೆ, ಹೆಸರು ಹಾಕಿ ನೋಡಿ. ಅರ್ಜಿಯ ಪೋರ್ಟಲ್ ಪಾಸ್‌ವರ್ಡ್, ಇಮೇಲ್ ಎರಡೂ ಮಗಳ ಕೈಯಲ್ಲೇ ಇರಲಿ. ಏಜೆಂಟರು ಸೇರಿಸಿದ ಸುಳ್ಳು ಬ್ಯಾಂಕ್ ಪತ್ರಕ್ಕೂ ಹೊಣೆ ಅವಳದ್ದೇ, ಸುಳ್ಳು ಮಾಹಿತಿ ಸಾಬೀತಾದರೆ ಐದು ವರ್ಷ ಕೆನಡಾಕ್ಕೆ ಕಾಲಿಡುವಂತಿಲ್ಲ. ಡಿಸೆಂಬರ್ 2023ರಿಂದ ಪ್ರತಿ ಆಫರ್ ಲೆಟರನ್ನೂ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುತ್ತಾರೆ, ನಕಲಿ ನಡೆಯುವುದಿಲ್ಲ.

ನಾಳೆಯೇ ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕೇಳಿ, ಫೋನ್ ಮಾಡಬೇಡಿ: ಈ ಕೋರ್ಸಿನ ಸಿಐಪಿ ಕೋಡ್ ಏನು, ಈ ಕ್ಯಾಂಪಸ್ಸಿನ ಈ ಕೋರ್ಸಿಗೆ ಪಿಜಿಡಬ್ಲ್ಯುಪಿ ಸಿಗುತ್ತದೆಯೇ, ಸಿಗದಿದ್ದರೆ ನಮ್ಮ 50 ಸಾವಿರ ಯಾವಾಗ ವಾಪಸ್ ಕೊಡುತ್ತೀರಿ. ಉತ್ತರವೂ ಬರಹದಲ್ಲೇ ಬರಲಿ. ಮುಂಗಡದ ರಸೀದಿ ಅಥವಾ ಫೋನ್‌ಪೇ ದಾಖಲೆ ತೆಗೆದಿಡಿ. ವಾಪಸ್ ಕೊಡದಿದ್ದರೆ ಆ ಸಂದೇಶಗಳನ್ನೇ ಜೋಡಿಸಿ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು.